ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಶಿರಸಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಮ್ಮ ಓಣಿಯವರೊಬ್ಬರು ಅಲ್ಲಿಯೇ ಮದುವೆಯಾಗಿ ಹೆಂಡತಿಯನ್ನು ಊರಿಗೆ ಕರೆತಂದ ದಿನ ನಮಗೆ, ಹುಡುಗರಿಗೆ, ದೊಡ್ಡದೊಂದು ತಮಾಷೆ ಸಿಕ್ಕಿತ್ತು. ಆಕೆ ನಕ್ಕರೆ ಹಲ್ಲು ಬೆಳ್ಳಗೆ ಕಾಣುತ್ತಿದ್ದವು. ರೋಣ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಂಥ ಹಲ್ಲು ನಾವು ಕಂಡೇ ಇರಲಿಲ್ಲ. ನಮ್ಮೆಲ್ಲರವು ಕಂದು, ಕೆಲವರವು ಇಟ್ಟಂಗಿ ಬಣ್ಣ, ನಡುನಡುವೆ ಸೀಮೆಸುಣ್ಣದಿಂದ ಗೆರೆ ಎಳೆದಂಥ ಬಿಳಿ ಪಟ್ಟಿ. 'ಯವ್ವಾ, ಹೊಸಾ ಅಕ್ಕಾರು ಹಲ್ಲಿಗೆ ಸುಣ್ಣಾ ಹಚ್ಕೊಂಡಾರ' ಎಂದು ಓಡಿಬಂದು ಹೇಳಿದ್ದೆ. ಅವ್ವ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ತಾನೂ ನೋಡಲು ಹೋದಳು.

ಪಿಯುಸಿಗೆ ಧಾರವಾಡಕ್ಕೆ ಹೋದಾಗ ಲೆಕ್ಕ ತಿರುಗಾಮುರುಗಾ ಆಯಿತು. ರೂಮಿನ ಗೆಳೆಯ ಮೊದಲ ದಿನವೇ ಕೇಳಿದ: 'ದಿನಕ್ಕ ಎಷ್ಟು ಚೀಟಿ ಹಾಕ್ತೀಲೇ?' ಗುಟ್ಕಾ ಚೀಟಿ. ನಾನೋ ಅಡಿಕೆ ಚೂರನ್ನೂ ಬಾಯಿಗೆ ಹಾಕಿದವನಲ್ಲ. 'ನಮ್ಮೂರ ನೀರು ಹಂಗೈತಿ' ಎಂದರೆ ನಂಬಲಿಲ್ಲ. ಗುರುತಿನ ಚೀಟಿಗೆ ಫೋಟೊ ತೆಗೆಸಲು ಹೋದರೆ ಸ್ಟುಡಿಯೊದವನು 'ಸ್ವಲ್ಪ ನಗ್ರಿ' ಎಂದ. ನಾನು ತುಟಿ ಬಿಗಿಹಿಡಿದು ಕೂತೆ. ಅಂದಿನಿಂದ ಇಂದಿನವರೆಗೆ ನನ್ನ ಯಾವ ಫೋಟೊದಲ್ಲೂ, ಮದುವೆಯ ಫೋಟೊದಲ್ಲೂ, ಹಲ್ಲು ಕಾಣುವುದಿಲ್ಲ.

ಊರಲ್ಲಿ ಬೇರೆಯಾಗಿ ಕಂಡವರು ಆಕೆ, ಧಾರವಾಡದಲ್ಲಿ ನಾನು. ಇಬ್ಬರ ಹಲ್ಲೂ ಇದ್ದ ಹಾಗೆಯೇ ಇದ್ದವು. ಬದಲಾದದ್ದು ಸುತ್ತ ನಿಂತು ನೋಡುವವರು.

ಗದಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಣ, ಗಜೇಂದ್ರಗಡ, ಮುಂಡರಗಿ ಕಡೆ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಳೆ ಕಡಿಮೆ, ಕೆಳಗೆ ಗಟ್ಟಿ ಕಲ್ಲು. ಆ ಕಲ್ಲಿನ ಖನಿಜವೇ ನೀರಿಗೆ ಕರಗಿ ಬರುತ್ತದೆ. ಕಾಯಂ ಹಲ್ಲು ದವಡೆಯೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ತನಕ, ಈ ನೀರು ಕುಡಿದರೆ ಹಲ್ಲಿನ ಹೊಳಪಿನ ಪದರವೇ ಕೆಟ್ಟು ಮೂಡುತ್ತದೆ. ಆಮೇಲೆ ಇದ್ದಿಲು, ಉಪ್ಪು, ಬೇವಿನ ಕಡ್ಡಿ, ಪೇಸ್ಟು, ಯಾವುದರಿಂದ ತಿಕ್ಕಿದರೂ ಅಷ್ಟೇ. ನಾನು ಎಲ್ಲವನ್ನೂ ಮಾಡಿ ನೋಡಿದ್ದೇನೆ. ವಸಡು ಹರಿದು ರಕ್ತ ಬಂದದ್ದೊಂದೇ ಲಾಭ.

ಆದರೆ ಹಲ್ಲಿನ ಕತೆ ಹೇಳುತ್ತ ನನ್ನನ್ನೇ ಬಡಪಾಯಿ ಮಾಡಿಕೊಂಡರೆ ಅರ್ಧ ಸುಳ್ಳಾಗುತ್ತದೆ. ನಮ್ಮೂರಲ್ಲಿ ಬೆನ್ನು ಬಾಗಿದ ಮುತ್ಯಾ ಒಬ್ಬನಿದ್ದ. ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದೆ ಯಾರಾದರೂ ಕರೆದರೆ ಗಾಣದ ಎತ್ತಿನ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಆತ ಬಸವಣ್ಣನ ಗುಡಿ ಕಡೆ ಹೊರಟರೆ ನಾವು ನಾಲ್ಕೈದು ಹುಡುಗರು ಮೊಣಕಾಲ ಮೇಲೆ ಕೈಯಿಟ್ಟು ಬಾಗಿ, ಸಾಲಾಗಿ ಹಿಂದೆ ನಡೆಯುತ್ತಿದ್ದೆವು. ಕಟ್ಟೆಯ ಮೇಲೆ ಕೂತ ಹಿರಿಯರು ಮೀಸೆಯಲ್ಲೇ ನಗುತ್ತಿದ್ದರು. 'ಯಾವನಲೇ ಅಂವಾ' ಎಂದು ಮುತ್ಯಾ ತಿರುಗುವಷ್ಟರಲ್ಲಿ ನಾವು ಸಂದಿಯಲ್ಲಿ ಮಾಯ. ಎಷ್ಟೋ ವರ್ಷದ ಮೇಲೆ, ಊರಿನ ಆರೋಗ್ಯ ಶಿಬಿರಕ್ಕೆ ಬಂದ ಡಾಕ್ಟರು ಮಾತಿನ ನಡುವೆ ಹೇಳಿದರು: ಈ ನೀರು ಹತ್ತಾರು ವರ್ಷ ಹೊಟ್ಟೆಗೆ ಹೋದರೆ ಎಲುಬಿಗೂ ಹತ್ತುತ್ತದೆ, ಕೀಲು ಬಿಗಿಯುತ್ತವೆ, ಬೆನ್ನೆಲುಬು ಸೆಟೆದು ಬಾಗುತ್ತದೆ. ನನ್ನ ಹಲ್ಲಿಗೆ ಬಣ್ಣ ಕಟ್ಟಿದ ನೀರೇ ಮುತ್ಯಾನ ಬೆನ್ನನ್ನೂ ಬಗ್ಗಿಸಿದ್ದಿರಬಹುದು. ಆತ ಸತ್ತು ಆಗಲೇ ಬಹಳ ಕಾಲವಾಗಿತ್ತು.

ಮಕ್ಕಳು ದೇವರ ಸಮಾನ, ಅವರಿಗೆ ಭೇದಭಾವ ಗೊತ್ತಿಲ್ಲ ಎಂಬ ಮಾತನ್ನು ಹಾಗಾಗಿ ನಾನು ನಂಬುವುದಿಲ್ಲ. ಬೇರೆಯದು ಮಗುವಿನ ಕಣ್ಣಿಗೆ ಮೊದಲು ಬೀಳುತ್ತದೆ. ಅದನ್ನು ಕಂಡು ಏನು ಮಾಡಬೇಕೆಂಬುದನ್ನು ಮಾತ್ರ ಕಟ್ಟೆಯ ಮೇಲಿನವರು ಕಲಿಸುತ್ತಾರೆ. ನಮಗೆ ಮೀಸೆಯೊಳಗಿನ ನಗುವೇ ಪಾಠವಾಗಿತ್ತು.

*

ಹೆಸರಿಡುವುದರಲ್ಲಿ ನಮ್ಮ ಕಡೆಯವರ ಕೈ ಹಿಡಿಯುವವರಿಲ್ಲ. ಊರಲ್ಲಿ ಐದು ಮಂದಿ ಬಸಪ್ಪ ಇದ್ದರೆ ಗಿಡ್ಡ ಬಸ್ಯಾ, ಕುಂಟ ಬಸ್ಯಾ, ಕರೇ ಬಸ್ಯಾ, ಹಲ್ಲು ಬಸ್ಯಾ ಎಂದು ವಿಂಗಡಣೆ. 'ಅದರಾಗ ಕೆಟ್ಟದ್ದೇನೈತಿ, ಗುರುತಿಗೆ ಕರೀತೀವಿ' ಎನ್ನುತ್ತಾರೆ. ಅರ್ಧ ನಿಜ. ಅದೇ ಬಸಪ್ಪನಿಗೆ ಹತ್ತು ಕೂರಿಗೆ ಹೊಲವಿದ್ದರೆ ಆತ ಎಷ್ಟೇ ಕುಂಟಿದರೂ 'ಬಸನಗೌಡ್ರು'. ಗುರುತಿನ ಅಗತ್ಯ ಬಡವನಿಗೇ ಹೆಚ್ಚು ಎಂದಂತಾಯಿತು.

ಸರ್ಕಾರ ತನ್ನ ಪಾಡಿಗೆ ಪದಗಳನ್ನು ಬದಲಾಯಿಸುತ್ತಲೇ ಇದೆ. ಅಂಗವಿಕಲ ಹೋಗಿ ವಿಕಲಚೇತನ, ಆಮೇಲೆ ವಿಶೇಷಚೇತನ, ದಿವ್ಯಾಂಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ 7 ಬಗೆಯ ನ್ಯೂನತೆಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಮೊದಲೇ ಇದ್ದ ಕುಷ್ಠದಿಂದ ಗುಣವಾದವರ ಜೊತೆಗೆ ಕುಬ್ಜರು, ಆ್ಯಸಿಡ್ ದಾಳಿಗೆ ತುತ್ತಾದವರೂ ಈಗ ಅದರೊಳಗಿದ್ದಾರೆ. ನಾಲ್ಕು ಜನರ ಎದುರು ಬೇಕೆಂದೇ ಅವರನ್ನು ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎಂದು 92ನೇ ಕಲಮು ಹೇಳುತ್ತದೆ. ಒಳ್ಳೆಯದೇ. ಆದರೆ ಪ್ರಮಾಣಪತ್ರದಲ್ಲಿ ದಿವ್ಯಾಂಗನಾದವನು ಓಣಿಯಲ್ಲಿ ಇನ್ನೂ ಕುಂಟ ಬಸ್ಯಾನೇ.

ಅದೇ ನೆಲದಲ್ಲಿ ಒಂದು ಹಳೆಯ ಶಬ್ದ ಬೇರೆ ದಾರಿ ಹಿಡಿದಿದೆ. ಹೆಳವ ಎಂದರೆ ಕಾಲಿಲ್ಲದವ, ನಡೆಯಲಾರದವ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬರುವ ಹೆಳವರು ನಮ್ಮ ಮುತ್ತಜ್ಜನ ಮುತ್ತಜ್ಜ ಯಾವ ಊರಿಂದ ಬಂದ, ಯಾರಿಗೆ ಎಷ್ಟು ಮಕ್ಕಳು ಎಂದು ವಂಶಾವಳಿ ಹೇಳುತ್ತಾರೆ. ಅವರು ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಕೂತು ಬರುತ್ತಿದ್ದರೆಂದು ನೂರು ವರ್ಷ ಹಿಂದೆಯೇ ಜನಾಂಗ ಅಧ್ಯಯನಕಾರ ಥರ್ಸ್ಟನ್ ಬರೆದಿಟ್ಟಿದ್ದಾನೆ. ತಮ್ಮ ಮೂಲಪುರುಷನೊಬ್ಬ ಹೆಳವನಾಗಿದ್ದ ಎಂಬ ನೆನಪಿಗೆ, ನಡೆಯಬಲ್ಲ ಕಾಲನ್ನೇ ಮುಚ್ಚಿಕೊಳ್ಳುವ ಜನ! ನಮ್ಮ ಮನೆಗೆ ಬರುತ್ತಿದ್ದ ಹೆಳವನಿಗೆ ಅಪ್ಪ ಜೋಳ ಅಳೆದು ಕೊಡುತ್ತಿದ್ದ. ಅದು ಭಿಕ್ಷೆಯಾಗಿರಲಿಲ್ಲ. ಆತ ಹೇಳದಿದ್ದರೆ ನಮ್ಮ ಮುತ್ತಜ್ಜನ ಅಪ್ಪನ ಹೆಸರೇ ನಮಗೆ ಗೊತ್ತಿರಲಿಲ್ಲ.

*

ಈ ಸೀಮೆಯ ಮಕ್ಕಳಿಗೆ ಬೇರೆ ಕಡೆಯ ಮಕ್ಕಳಿಗಿಲ್ಲದ ಒಂದು ಅದೃಷ್ಟವಿದೆ ಎಂದು ನನಗೆ ಅನಿಸುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಅಂಧ ಹುಡುಗ, ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು ಪಂಚಾಕ್ಷರ ಗವಾಯಿಯಾದ. ಊರೂರು ಸುತ್ತುತ್ತ ಶಿಷ್ಯರನ್ನು ಕೂಡಿಸಿಕೊಂಡ ಅವರ ಪಾಠಶಾಲೆ ಕೊನೆಗೆ ಗದಗಿನಲ್ಲಿ ಈ ಆಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ನಡೆಸಿದವರು ಅವರ ಶಿಷ್ಯ ಪುಟ್ಟರಾಜ ಗವಾಯಿ. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡು, 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವವರೆಗೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಸ್ವರ ಕೊಟ್ಟವರು. ನಾಟಕ ಕಂಪನಿ ಕಟ್ಟಿ, ಅದರ ದುಡಿಮೆಯಿಂದ ಆಶ್ರಮದ ಒಲೆ ಉರಿಸಿದವರು.

ಇದೆಲ್ಲ ಗೊತ್ತಿರುವ ಮಾತೇ. ನಾನು ತೋರಿಸಬೇಕೆಂದಿರುವುದು ಬೇರೆ. ಆಶ್ರಮದಲ್ಲಿ ಕಣ್ಣಿಲ್ಲದವರಷ್ಟೇ ಕಲಿಯಲಿಲ್ಲ. ಪಂಚಾಕ್ಷರ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಕಣ್ಣಿದ್ದವರು. ಬಳ್ಳಾರಿ ಸೀಮೆಯಿಂದ ಬಂದು ಹನ್ನೆರಡು ವರ್ಷ ಪುಟ್ಟರಾಜರ ಬಳಿ ಇದ್ದ ಎಂ. ವೆಂಕಟೇಶಕುಮಾರರೂ ಕಣ್ಣಿದ್ದವರು. ರೋಣದಲ್ಲಿ 1922ರಲ್ಲಿ ಹುಟ್ಟಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಭೀಮಸೇನ ಜೋಶಿಯವರೂ ಜಲಂಧರದಲ್ಲಿ ಕಲಿತದ್ದು ಅಂಧ ದ್ರುಪದ ಗಾಯಕ ಮಂಗತರಾಮರ ಬಳಿ. ಅಂದರೆ ಕಣ್ಣಿದ್ದ ಹುಡುಗರು ಕಣ್ಣಿಲ್ಲದವರ ಎದುರು ತಲೆಬಾಗಿ ಕೂತು, ತಪ್ಪಿದರೆ ಬೈಸಿಕೊಂಡು ಬೆಳೆದರು. ಬಸ್‌ಸ್ಟ್ಯಾಂಡಿನ ಬಟ್ಟಲಿನ ಮುಂದೆ ಅಂಧನೊಬ್ಬನನ್ನು ಮೊದಲು ಕಂಡ ಮಗುವಿನ ಕಣ್ಣು ಬೇರೆ, ತಂಬೂರಿಯ ಮುಂದೆ ಕಂಡ ಮಗುವಿನ ಕಣ್ಣೇ ಬೇರೆ.

ಹಳ್ಳಿಗೂ ಆ ಆಶ್ರಮ ನಡೆದು ಬರುತ್ತಿತ್ತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಹಾರ್ಮೋನಿಯಮ್ಮಿಗೊಬ್ಬರು, ತಬಲಕ್ಕೊಬ್ಬರು ಗವಾಯಿಗಳು ಬರುವುದು ವಾಡಿಕೆ. ಒಂದು ವರ್ಷ ತಬಲಾದವರು ಪೂರ್ತಿ ಅಂಧರು. ಅವರ ಊಟ ಸರದಿಯಂತೆ ಮನೆಮನೆಗೆ. ನಮ್ಮ ಮನೆಯ ಪಾಳಿ ಬಂದಾಗ ಅವರನ್ನು ಕರೆತರುವ ಕೆಲಸ ನನ್ನದು. ಬಾಗಿದ ಮುತ್ಯಾನನ್ನು ಅಣಕಿಸುತ್ತಿದ್ದ ಅದೇ ವಯಸ್ಸು. ನಾನು ಭಾರೀ ಪುಣ್ಯದ ಕೆಲಸ ಮಾಡುವವನಂತೆ ಅವರ ಮುಂಗೈ ಹಿಡಿದು ಎಳೆದೆ.

'ಎಳೀಬ್ಯಾಡೊ ತಮ್ಮಾ, ನಾ ಏನು ಎತ್ತೇನು?' ಎಂದರು ಅವರು. 'ನೀ ನನ್ನ ಹಿಡೀಬ್ಯಾಡ. ನಾ ನಿನ್ನ ಹೆಗಲಾ ಹಿಡಿತೀನಿ. ನೀ ಸುಮ್ಮನ ನಿನ್ನ ನಡಿಗಿ ನಡಿ.'

ಬಲಗೈ ನನ್ನ ಎಡ ಹೆಗಲ ಮೇಲೆ ಬಂತು. ಭಾರ ಹಾಕಲಿಲ್ಲ, ಬೆರಳ ತುದಿಯಷ್ಟೇ. ನಾನು ಅರ್ಧ ಹೆಜ್ಜೆ ಮುಂದೆ. ಮೆಟ್ಟಿಲು ಬಂದರೆ ನನ್ನ ಹೆಗಲು ಇಳಿಯುವುದು ಅವರಿಗೆ ಗೊತ್ತಾಗುತ್ತಿತ್ತು, ನಾನು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಹಿಟ್ಟಿನ ಗಿರಣಿ ದಾಟುವಾಗ 'ಪಟ್ಟಾ ಸಡ್ಲ ಆಗೇತಿ, ಹೇಳ್ರೆಪಾ ಅವಂಗ' ಎಂದರು. ಗಿರಣಿಯವನು ನೋಡಿದರೆ ಹೌದು, ಸಡಿಲಾಗಿತ್ತು. ಮನೆಯಲ್ಲಿ ಅವ್ವ 'ಅಯ್ಯ ಪಾಪ' ಎನ್ನುತ್ತ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಕೊಡಲು ಹೋದಳು. 'ಯವ್ವಾ, ಗಂಗಾಳದಾಗ ಎಲ್ಲಿ ಏನೈತಿ ಹೇಳು ಸಾಕು' ಎಂದರು. ಅವ್ವ ಹೇಳಿದಳು: ನಿಮ್ಮ ಮುಂದ ರೊಟ್ಟಿ, ಬಲಕ್ಕ ಬದನಿಕಾಯಿ, ಎಡಕ್ಕ ಮೊಸರು. ಎಳೆಯದೆ, ಅವರೇ ನಮ್ಮನ್ನು ಹಿಡಿಯಲು ಬಿಟ್ಟು ನಡೆಯುವುದೇ ಅಂಧರಿಗೆ ದಾರಿ ತೋರಿಸುವ ಪದ್ಧತಿ ಎಂದು, ಅದಕ್ಕೊಂದು ತರಬೇತಿಯೇ ಇದೆಯೆಂದು ನನಗೆ ತಿಳಿದದ್ದು ತೀರ ಇತ್ತೀಚೆಗೆ. ಅಯ್ಯ ಪಾಪಕ್ಕೂ ಜೊತೆಗೆ ನಡೆಯುವುದಕ್ಕೂ ಎಷ್ಟು ಅಂತರವೆಂದು ನಾನು ಕಲಿತದ್ದು ಮಠದಿಂದ ಮನೆಯವರೆಗಿನ ಆ ದಾರಿಯಲ್ಲಿ.

ಆದರೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಅದೇ ಊರಲ್ಲಿ ಹುಟ್ಟುಗುರುಡನಾದ ಹುಡುಗನೊಬ್ಬನಿದ್ದ. ಗವಾಯಿಗಳಿಗೆ ಬಹುವಚನ ಹಚ್ಚುವ ಬಾಯಿ ಅವನನ್ನು 'ಕುಡ್ಡ' ಎಂದೇ ಕರೆಯುತ್ತಿತ್ತು. ಹಾಡು ಬಾರದ, ತಬಲಾ ಬಾರದ ಅಂಧನಿಗೆ ಮರ್ಯಾದೆ ಕೊಡಲು ನಾವು ಇನ್ನೂ ಕಲಿತಿಲ್ಲ. ಗೌರವಕ್ಕಾಗಿ ಅವನು ಪಂಚಾಕ್ಷರ ಗವಾಯಿಯೇ ಆಗಬೇಕೇ?

*

ಹೋದ ವರ್ಷ ಗಜೇಂದ್ರಗಡದಿಂದ ನರೇಗಲ್ ಮೇಲೆ ಗದಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಐದಾರು ವರ್ಷದ ಮಗಳು. ಪಕ್ಕದಲ್ಲಿ ಕೂತ ಹಿರಿಯರಿಗೆ ಮುಖದಲ್ಲಿ, ಕೈಯಲ್ಲಿ ತೊನ್ನು. ಹುಡುಗಿ ದಿಟ್ಟಿಸಿ ನೋಡಿ, ಬಸ್ಸಿಗೆಲ್ಲ ಕೇಳುವಂತೆ, 'ಯವ್ವಾ, ಈ ಕಾಕಾನ ಮಾರಿ ಯಾಕ ಹಿಂಗೈತಿ?' ಎಂದಳು. ತಾಯಿ ತೊಡೆ ಚಿವುಟಿ, ಮಗಳನ್ನು ಇನ್ನೊಂದು ಕಡೆಗೆ ಎಳೆದುಕೊಂಡಳು. ಹುಡುಗಿ ಅಳಲು ಶುರುಮಾಡಿದಳು.

'ಕೇಳ್ಲಿ ಬಿಡವಾ' ಎಂದರು ಹಿರಿಯರು. 'ನೋಡವಾ ತಂಗಿ, ಮೈಯಾಗಿನ ಬಣ್ಣ ಅಲ್ಲಲ್ಲಿ ಖರ್ಚಾಗೇತಿ. ನೂಸಂಗಿಲ್ಲ, ಮುಟ್ಟಿದ್ರ ಹತ್ತಂಗಿಲ್ಲ.' ಹುಡುಗಿ ಅಳು ನಿಲ್ಲಿಸಿ ಅವರ ಕೈಯ ಬಿಳಿ ಮಚ್ಚೆಯ ಮೇಲೆ ಬೆರಳಾಡಿಸಿದಳು. 'ತಣ್ಣಗೈತಿ' ಎಂದಳು. ಕಿಟಕಿಯ ಗಾಳಿಗೆ ಎಲ್ಲರ ಕೈಯೂ ತಣ್ಣಗೇ ಇತ್ತು. ನರೇಗಲ್ ಬರುವಷ್ಟರಲ್ಲಿ ಅವರ ಚೀಲದೊಳಗಿನ ಶೇಂಗಾ ಅರ್ಧ ಖಾಲಿ.

ಆ ತಾಯಿಯನ್ನು ನಾನು ಬೈಯಲಾರೆ, ಆಕೆಗೆ ನಾಚಿಕೆಯಾಗಿತ್ತು. ಆದರೆ ಚಿವುಟಿದ ತೊಡೆ ಮಗುವಿಗೆ ಹೇಳುವುದೇನು? ಇಂಥವರನ್ನು ನೋಡಬಾರದು, ಇವರ ಬಗ್ಗೆ ಮಾತಾಡಬಾರದು, ಇಲ್ಲೇನೋ ಭಯಪಡುವಂಥದ್ದಿದೆ. ತೊನ್ನು ಅಂಟುರೋಗವಲ್ಲ. ಅದಕ್ಕೆ 'ಬಿಳಿ ಕುಷ್ಠ' ಎಂದು ತಪ್ಪು ಹೆಸರು ಬಿದ್ದು, ಕುಷ್ಠದ ಹಳೆಯ ಭಯವೆಲ್ಲ ಇದಕ್ಕೂ ಅಂಟಿಕೊಂಡಿದೆ. ಕುಷ್ಠದ ಭಯಕ್ಕೂ ಈಗ ಅರ್ಥವಿಲ್ಲ. ಆರು ತಿಂಗಳು ಇಲ್ಲವೇ ಒಂದು ವರ್ಷ ಗುಳಿಗೆ ನುಂಗಿದರೆ ವಾಸಿ, ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೂ ಕುಷ್ಠವನ್ನು ಕಾರಣ ಮಾಡಿ ವಿಚ್ಛೇದನ ಕೊಡಬಹುದೆಂಬ ಕಲಮು ನಮ್ಮ ಕಾನೂನಿನಿಂದ ಹೋಗಲು 2019 ಬರಬೇಕಾಯಿತು. ಸೀಳು ತುಟಿಯ ಕತೆಯೂ ಇಂಥದೇ. ಗ್ರಹಣದಲ್ಲಿ ಬಸುರಿ ಈಳಿಗೆ ಹಿಡಿದಳು ಎಂದು ತಾಯಿಯ ತಲೆಗೇ ಕಟ್ಟುತ್ತೇವೆ. ಅಷ್ಟರಲ್ಲಿ ಆ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಬಹುದಾದ ವಯಸ್ಸು ಕಳೆಯುತ್ತಿರುತ್ತದೆ.

*

ನರಗುಂದದ ಕಡೆಯ ಒಂದು ಶಾಲೆಯ ಗ್ಯಾದರಿಂಗಿಗೆ ಅತಿಥಿಯಾಗಿ ಹೋಗಿದ್ದೆ. 'ಸಮಾನತೆ'ಯ ಬಗ್ಗೆ ಭಾಷಣ ಮುಗಿದ ಮೇಲೆ ಹಾಸ್ಯ ನಾಟಕ. ಅದರಲ್ಲಿ ಉಗ್ಗುವ ಆಳು, ಕುಂಟುವ ಸಾಹುಕಾರ, ಮೆಳ್ಳಗಣ್ಣಿನ ವರ. ಮಕ್ಕಳು ಬಿದ್ದು ಬಿದ್ದು ನಕ್ಕರು, ಪಾಲಕರೂ ನಕ್ಕರು. ಅಭ್ಯಾಸಬಲ, ನನಗೂ ನಗು ಬಂತು. ಕಂಪನಿ ನಾಟಕ, ದೊಡ್ಡಾಟ ನೋಡಿ ಬೆಳೆದ ನಾಡು ನಮ್ಮದು. ಆ ರಂಗದ ಮೇಲೆ ಗೂನು ಬೆನ್ನೆಂದರೆ ಮಂಥರೆ, ಕುಂಟೆಂದರೆ ಶಕುನಿ, ಉಗ್ಗೆಂದರೆ ಹಾಸ್ಯ. ಕೆಟ್ಟ ಮನಸ್ಸಿಗೆ ಸೊಟ್ಟ ಮೈ ಎಂಬ ಸಮೀಕರಣ ಮಗುವಿಗೆ ಹತ್ತು ಜಾತ್ರೆಯೊಳಗೆ ಬಾಯಿಪಾಠವಾಗಿರುತ್ತದೆ.

ಇದಕ್ಕೆ ಮದ್ದೆಂದು ಮಾಸ್ತರರು ಸಾಮಾನ್ಯವಾಗಿ ಹೇಳುವುದು ಅಷ್ಟಾವಕ್ರನ ಕತೆ. ಎಂಟು ಕಡೆ ಸೊಟ್ಟಗಿದ್ದ ಹುಡುಗ ಜನಕನ ಸಭೆಗೆ ಬಂದಾಗ ಪಂಡಿತರೆಲ್ಲ ನಕ್ಕರು. ಅವನೂ ನಕ್ಕು, ಇದು ಪಂಡಿತರ ಸಭೆಯೆಂದುಕೊಂಡಿದ್ದೆ, ಚರ್ಮ ನೋಡಿ ಬೆಲೆ ಕಟ್ಟುವ ಚಮ್ಮಾರರ ಸಭೆಯಾಯಿತಲ್ಲ ಎಂದ. ಭೇಷ್ ಎನ್ನುತ್ತೇವೆ. ಆ ತರಗತಿಯ ಹಿಂದಿನ ಸಾಲಿನಲ್ಲಿ ಚಪ್ಪಲಿ ಹೊಲಿಯುವವರ ಮನೆಯ ಹುಡುಗ ಕೂತಿರುತ್ತಾನೆ, ಅವನಿಗೆ ಏನನ್ನಿಸೀತು ಎಂದು ಯಾರಾದರೂ ಯೋಚಿಸಿದ್ದೇವೆಯೇ? ಒಬ್ಬನ ಅವಮಾನ ತೊಳೆಯಲು ಇನ್ನೊಬ್ಬನ ಮೇಲೆ ಕೆಸರು ಎರಚುವ ಕತೆ ಅದು. ಈಗ ಮಕ್ಕಳಿಗೆ ಹೇಳುವುದಾದರೆ ಕತೆಯ ಜೊತೆ ಈ ಪ್ರಶ್ನೆಯನ್ನೂ ಕೇಳಬೇಕು.

ಶಾಲೆಗಳಲ್ಲಿ ಏನೂ ಆಗಿಲ್ಲವೆಂದಲ್ಲ. ಸಮನ್ವಯ ಶಿಕ್ಷಣ ಬಂದಿದೆ, ಅದಕ್ಕೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾರದ ಮಕ್ಕಳ ಮನೆಗೇ ಹೋಗಿ ಕಲಿಸುವ ಏರ್ಪಾಡೂ ಇದೆ. ಎಷ್ಟೋ ಕಡೆ ಇಳಿಜಾರು ದಾರಿ ಕಟ್ಟಿದ್ದಾರೆ. ಒಂದು ಕಡೆ ಅದರ ಮೇಲೆ ಬೈಕ್ ನಿಲ್ಲಿಸಿದ್ದನ್ನೂ ಕಂಡೆ, ಇರಲಿ.

ನಮ್ಮ ಹಳ್ಳಿಯಲ್ಲೂ ನೀರು ಬದಲಾಗಿದೆ. 2013ರ ನಂತರ, ಗದಗಿನವರೇ ಆದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಮಂತ್ರಿಗಳಾಗಿದ್ದಾಗ, ನಾಣ್ಯ ಹಾಕಿ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಊರೂರಿಗೆ ಬಂದವು. ಮಲಪ್ರಭೆಯ ನೀರೂ ಪೈಪಿನಲ್ಲಿ ಬರತೊಡಗಿತು. ಘಟಕ ಕೆಟ್ಟು ನಿಲ್ಲದ ಕಡೆ ಮಕ್ಕಳ ಹಲ್ಲು ಬೆಳ್ಳಗಿವೆ. ಈಗ ನಮ್ಮೂರಲ್ಲೇ ಬೇರೆಯಾಗಿ ಕಾಣುವವರು ನಾವು, ಹಳೆಯ ನೀರು ಕುಡಿದು ಬೆಳೆದವರು. 'ದೊಡ್ಡಪ್ಪಾ, ನೀ ಗುಟ್ಕಾ ತಿಂತಿಯೇನು?' ಎಂದು ತಮ್ಮನ ಮಗಳು ಕೇಳಿದಾಗ ಧಾರವಾಡದ ರೂಮು ನೆನಪಾಯಿತು. ಆದರೆ ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಕೊಳವೆಬಾವಿಯ ಹತ್ತಿರ ಕರೆದೊಯ್ದು ಪಂಪು ಜಗ್ಗಿ ತೋರಿಸಿದೆ, ಬಾಗಿದ ಮುತ್ಯಾನ ಕತೆ ಹೇಳಿದೆ, ನಾನು ಅಣಕಿಸಿದ್ದನ್ನೂ ಬಿಡಲಿಲ್ಲ. 'ಮತ್ತ ನೀ ಸಾರಿ ಅಂದ್ಯೇನು ಅವಂಗ?' ಎಂದಳು. ಇಲ್ಲ ಎಂದೆ.

ಹುಡುಗರ ಆಟದಲ್ಲಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಜಾಗವೊಂದಿದೆ. ಸಣ್ಣವರನ್ನು, ಓಡಲಾರದವರನ್ನು ಅಲ್ಲಿ ನಿಲ್ಲಿಸುತ್ತಾರೆ. ಔಟಾದರೂ ಔಟಲ್ಲ, ಹೊಡೆದರೂ ರನ್ನಿಲ್ಲ. ನಮ್ಮ ಸಮಾಜ ಬೇರೆ ಮೈಯವರಿಗೆ ಇಷ್ಟು ದಿನ ಪ್ರೀತಿಯಿಂದಲೇ ಕೊಟ್ಟ ಜಾಗ ಅದು. ಮೊನ್ನೆ ಗಜೇಂದ್ರಗಡದಲ್ಲಿ ಮಗ್ಗದ ಸದ್ದು ಕೇಳುವ ಒಂದು ಓಣಿಯಲ್ಲಿ ಕ್ರಿಕೆಟ್ ನಡೆದಿತ್ತು. ಬ್ಯಾಟು ಹಿಡಿದ ಹುಡುಗನ ಬಲಪಾದ ಒಳಕ್ಕೆ ತಿರುಚಿತ್ತು. ಅವನಿಗೊಬ್ಬ ರನ್ನರ್ ಇದ್ದ, ನೀರಿನ ಟಾಕಿಯ ಕಡೆ ನಿಂತು ಓಡುತ್ತಿದ್ದ. ಬಾಲು ಸ್ಟಂಪಾಗಿ ನಿಲ್ಲಿಸಿದ್ದ ಹಲಗೆಗೆ ಬಡಿಯಿತು. ಬಡಿಯಲಿಲ್ಲ ಎಂದ ಇವನು. 'ಸದ್ದ ಕೇಳ್ಸೇತಲೇ, ಔಟ್ ಅಂದ್ರ ಔಟ್' ಎಂದು ಎಲ್ಲರೂ ಮೇಲೆ ಬಿದ್ದರು. ಇವನು ತಾಯಾಣೆ ಹಾಕಿದ, ಬೈದ, ಬ್ಯಾಟು ಎಸೆದ, ಕುಂಟುತ್ತ ಕಟ್ಟೆಗೆ ಹೋಗಿ ಮುಖ ಊದಿಸಿಕೊಂಡು ಕೂತ. ಯಾರೂ 'ಪಾಪ, ಇರ್ಲಿ ಬಿಡು' ಅನ್ನಲಿಲ್ಲ. ಎರಡು ಓವರ್ ಆದ ಮೇಲೆ ಅವನದೇ ಕೀಪಿಂಗ್.